ತವರಿನೂರಿನ ಎತ್ತರ

ಸಾಹುಕಾರರ ಫೋನು ಬಂದಾಗ ನಾನು ಬೆಂಗಳೂರಿನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಕಾಫಿ ಫ್ಲಾಸ್ಕು ತೊಳೆಯುತ್ತಿದ್ದೆ. ಜೆಟ್ ವಿಮಾನದ ಕ್ಯಾಪ್ಟನ್ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ದೊಡ್ಡ ವಿಮಾನಗಳಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಿರುತ್ತಾರೆ. ಒಂದು ಮನೆತನದ ಕಂಪನಿ ಇಟ್ಟುಕೊಂಡ ಪುಟ್ಟ ಜೆಟ್ಟಿನಲ್ಲಿ ಹಾಗಲ್ಲ. ಹವಾಮಾನ ನೋಡುವುದು, ಇಂಧನ ತರಿಸುವುದು, ಸಾಮಾನು ಎತ್ತಿಡುವುದು, ಚಕ್ಕುಲಿಯನ್ನು ತಟ್ಟೆಗೆ ಹಾಕುವುದು, ಶೌಚಾಲಯ ಸ್ವಚ್ಛವಾಗಿದೆಯೇ ಎಂದು ಬಗ್ಗಿ ನೋಡುವುದು, ಎಲ್ಲವೂ ಪೈಲಟ್‌ಗಳ ಪಾಲಿಗೇ. ಹಾರಿಸುವುದೊಂದೇ ಈ ಕೆಲಸದಲ್ಲಿ ಸಿಗುವ ವಿಶ್ರಾಂತಿ ಎಂದು ನಾನು ತಮಾಷೆ ಮಾಡುವುದುಂಟು.

ನಮ್ಮ ಸಾಹುಕಾರರು ಶಿಕಾರಿಪುರದವರು. ಮೆಕ್ಕೆಜೋಳದ ವ್ಯಾಪಾರದಿಂದ ಮೇಲೆ ಬಂದು ಈಗ ನಾಲ್ಕಾರು ರಾಜ್ಯಗಳಲ್ಲಿ ಬಿತ್ತನೆ ಬೀಜ, ಪಶು ಆಹಾರ ಮಾರುವ ಮನೆತನ. ನಾನೂ ಅದೇ ಊರಿನವಳಾದ್ದರಿಂದ ಕೆಲಸದ ಮಾತನ್ನೂ ಅವರು ಊರ ಭಾಷೆಯಲ್ಲೇ ಆಡುತ್ತಾರೆ.

“ಮೇಡಂ, ಅವ್ವನ್ನ ಚೆನ್ನೈಗೆ ಕರ್ಕಂಡು ಹೋಗ್ಬೇಕಾಗೈತ್ರೀ. ಆಸ್ಪತ್ರ್ಯಾಗೆ ಬೆಡ್ ಸಿಕ್ಕೈತಿ. ಈ ವಾರದಾಗೇ ಸೇರಿಸ್ಬೇಕಂತೆ.”

ಅವ್ವ ಎಂದರೆ ಅವರ ತಾಯಿ. ಆಕೆಯ ಶ್ವಾಸಕೋಶ ಒಂದೆರಡು ವರ್ಷದಿಂದ ಗಟ್ಟಿಯಾಗುತ್ತ ಬಂದಿತ್ತು. ಸುಮ್ಮನೆ ಕೂತಿದ್ದರೆ ಪರವಾಗಿಲ್ಲ, ನಾಲ್ಕು ಹೆಜ್ಜೆ ನಡೆದರೆ ಮೂಗಿಗೆ ಆಕ್ಸಿಜನ್ ನಳಿಕೆ ಬೇಕು. ಶಿವಮೊಗ್ಗದ ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿ, ಮುಂದಿನ ಚಿಕಿತ್ಸೆ ಚೆನ್ನೈಯಲ್ಲೇ ಆಗಬೇಕು, ತಡಮಾಡಿದರೆ ಕಷ್ಟ ಎಂದಿದ್ದರು. ರಸ್ತೆಯಲ್ಲಿ ಹೋದರೆ ಇಡೀ ದಿನದ ಕುಲುಕಾಟ. ಅದು ಆಕೆಯಿಂದ ಆಗುವ ಮಾತಲ್ಲ.

“ನಮ್ದೇ ವಿಮಾನ ಐತಲ್ರೀ” ಎಂದರು ಸಾಹುಕಾರರು.

ನಾನು ತಕ್ಷಣ ಹೂಂ ಅನ್ನಲಿಲ್ಲ. ವಿಮಾನವಿದೆ ನಿಜ, ಆದರೆ ಸಮಸ್ಯೆ ಇರುವುದು ಅದರೊಳಗಿನ ಗಾಳಿಯಲ್ಲಿ. ನಾವು ಸಾಮಾನ್ಯವಾಗಿ ನಲವತ್ತು ಸಾವಿರ ಅಡಿಯ ಹತ್ತಿರ ಹಾರುತ್ತೇವೆ. ಹೊರಗೆ ಉಸಿರಾಡುವಂತಿಲ್ಲ, ಎಂಜಿನ್ನುಗಳಿಂದ ಗಾಳಿ ಪಡೆದು ಒಳಗೆ ತುಂಬಿಸಿ ಒತ್ತಡ ಕಾಯುತ್ತೇವೆ. ಆದರೂ ಒಳಗಿನ ಗಾಳಿ ನೆಲದ ಮೇಲಿನಷ್ಟು ದಟ್ಟವಾಗಿರುವುದಿಲ್ಲ. ಕೂತವರಿಗೆ ಒಂದು ದೊಡ್ಡ ಬೆಟ್ಟದ ತುದಿಯಲ್ಲಿ ಕೂತ ಹಾಗೆ. ಎಷ್ಟು ಎತ್ತರದ ಬೆಟ್ಟ ಎಂಬುದನ್ನು ಕಾಕ್‌ಪಿಟ್ಟಿನಲ್ಲಿ ಒಂದು ಅಂಕಿ ತೋರಿಸುತ್ತದೆ, ನಾವು ಅದನ್ನು ಕ್ಯಾಬಿನ್ನಿನ ಎತ್ತರ ಎನ್ನುತ್ತೇವೆ. ಆರೋಗ್ಯವಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅವ್ವನಿಗೆ ಗೊತ್ತಾಗುತ್ತದೆ.

ಮರುದಿನ ಕಾರು ಹತ್ತಿ ಶಿಕಾರಿಪುರಕ್ಕೆ ಹೋದೆ. ಡಾಕ್ಟರನ್ನೂ ಮನೆಗೆ ಕರೆಸಿದ್ದರು. ಅವ್ವ ಮಂಚದ ಮೇಲೆ ದಿಂಬಿಗೆ ಒರಗಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ನಾನೂ ಡಾಕ್ಟರೂ ತಮ್ಮ ಬಗ್ಗೆ ಚರ್ಚೆ ಮಾಡುವುದನ್ನು ಪಕ್ಕದ ಮನೆಯ ಜಗಳ ಕೇಳುವಂತೆ ಆಸಕ್ತಿಯಿಂದ ಕೇಳುತ್ತಿದ್ದರು. ಎಷ್ಟು ಅಡಿ ಎತ್ತರದವರೆಗೆ ಆಗಬಹುದು ಎಂದು ನಾನು ಕೇಳಿದೆ. ಡಾಕ್ಟರು ರಕ್ತದಲ್ಲಿ ಆಕ್ಸಿಜನ್ ಇಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿಯಬಾರದು ಎಂದರು. ನನಗೆ ಅವರ ಪರ್ಸೆಂಟು ಕೆಲಸಕ್ಕೆ ಬರಲಿಲ್ಲ, ಅವರಿಗೆ ನನ್ನ ಅಡಿ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ಅವ್ವನೇ ಬಾಯಿ ಹಾಕಿದರು. “ಬ್ಯಾಸಗ್ಯಾಗೆ ತವರಿಗೆ ಹೋಗಿದ್ನಲ್ಲ. ಅಲ್ಲಿ ಆರಾಮಾಗೇ ಇದ್ದೆ.”

“ಎಲ್ಲಿ ಆರಾಮಿದ್ರಿ? ಗುಡ್ಡದ ಮೆಟ್ಲ ಮ್ಯಾಲೆ ಉಸ್ರು ಕಟ್ಟಿ ಕುಂತಿದ್ರಲ್ಲ” ಎಂದರು ಸೊಸೆ, ಸಾಹುಕಾರರ ಹೆಂಡತಿ.

ಅವ್ವನ ತವರು ಸೊರಬದ ಕಡೆ, ಚಂದ್ರಗುತ್ತಿ ಗುಡ್ಡದ ಕೆಳಗಿನ ಒಂದು ಹಳ್ಳಿ, ಅಲ್ಲೀಗ ಅವರ ತಮ್ಮನ ಸಂಸಾರವಿದೆ. ಬೇಡ ಬೇಡ ಎಂದರೂ ಕೇಳದೆ ದೇವಿಯ ದರ್ಶನಕ್ಕೆ ಮೆಟ್ಟಿಲು ಹತ್ತಲು ಹೋಗಿ ಅರ್ಧಕ್ಕೇ ಕೂತುಬಿಟ್ಟಿದ್ದರು. ಡಾಕ್ಟರು ಕಿವಿ ನೆಟ್ಟಗೆ ಮಾಡಿಕೊಂಡರು. ಮೆಟ್ಟಿಲಿನ ಮಾತು ಬಿಡಿ, ಅದು ಹತ್ತಿದ ಆಯಾಸ, ತಮ್ಮನ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಎಷ್ಟು ತೋರಿಸುತ್ತಿತ್ತು ಎಂದು ಕೇಳಿದರು. ಸೊಸೆಗೆ ನೆನಪಿತ್ತು. ಇಲ್ಲಿ ಎಷ್ಟೋ ಅಲ್ಲೂ ಅಷ್ಟೇ, ಒಂದು ಅಂಕಿಯೂ ಕಡಿಮೆಯಿಲ್ಲ. ನಾನು ನಕ್ಷೆ ತೆಗೆದು ನೋಡಿದೆ. ಆ ಹಳ್ಳಿ ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಅಡಿ ಮೇಲಿತ್ತು.

“ಹಾಗಾದ್ರೆ ಅಷ್ಟೇ. ಅದಕ್ಕಿಂತ ಮೇಲೆ ಹೋಗೋದಾದ್ರೆ ವಿಮಾನ ಹತ್ತಬಹುದು ಅನ್ನೋ ಪತ್ರಕ್ಕೆ ನಾನು ಸಹಿ ಹಾಕಲ್ಲ” ಎಂದರು ಡಾಕ್ಟರು. ಆಕ್ಸಿಜನ್ ಯಂತ್ರವೂ ಜೊತೆಗಿರಬೇಕು, ಒಬ್ಬ ನರ್ಸ್ ಪಕ್ಕದಲ್ಲೇ ಕೂರಬೇಕು ಎಂದೂ ಸೇರಿಸಿದರು.

ಅವ್ವ ನನ್ನ ಕಡೆ ತಿರುಗಿದರು. “ಅಂದ್ರೆ ಚೆನ್ನೈ ಮುಟ್ಟೋತನಕ ನಾನು ತವರಾಗೇ ಕುಂತಿರ್ತೀನೇನು ತಂಗಿ?”

“ಗಾಳಿ ಮಟ್ಟಿಗೆ ಹೌದವ್ವಾ.”

ಹೇಳುವುದೇನೋ ಹೇಳಿಬಿಟ್ಟೆ. ಮಾಡಿ ತೋರಿಸುವುದು ಬೇರೆ. ನಮ್ಮ ವಿಮಾನದಲ್ಲಿ ಕ್ಯಾಬಿನ್ನಿನ ಎತ್ತರವನ್ನು ರೇಡಿಯೋ ಗುಂಡಿ ತಿರುಗಿಸಿದಂತೆ ಬೇಕಾದಲ್ಲಿಗೆ ಇಡಲಾಗುವುದಿಲ್ಲ. ನಾವು ಹಾರುವ ಎತ್ತರಕ್ಕೆ ತಕ್ಕಂತೆ ಅದೇ ಹೊಂದಿಕೊಳ್ಳುತ್ತದೆ. ಆದ್ದರಿಂದ ಹೊರಡುವ ದಿನ ಬೆಳಗ್ಗೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಖಾಲಿ ವಿಮಾನ ತರುವಾಗ ಪರೀಕ್ಷೆ ಮಾಡಿಬಿಡೋಣ ಎಂದು ನಿರ್ಧರಿಸಿದೆ. ನನ್ನ ಸಹ ಪೈಲಟ್ ಕೊಡಗಿನವರು, ವಾಯುಪಡೆಯಲ್ಲಿ ಇದ್ದು ನಿವೃತ್ತರಾದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ವಿಮಾನ ಸಂಚಾರ ಕಂಟ್ರೋಲಿನವರ ಅನುಮತಿ ಕೇಳುತ್ತ ಒಂದೊಂದೇ ಹಂತ ಏರಿದೆವು. ಪ್ರತಿ ಹಂತದಲ್ಲೂ ಸ್ವಲ್ಪ ನಿಂತು ಅಂಕಿ ಓದಿದೆವು. ಇಪ್ಪತ್ತಮೂರು ಸಾವಿರ ಅಡಿಗೆ ಹೋದಾಗ ಒಳಗಿನ ಎತ್ತರ ನಮ್ಮ ಗುರುತು ದಾಟಿತು. ಇಪ್ಪತ್ತೊಂದಕ್ಕೆ ಇಳಿದಾಗ ಎರಡು ಸಾವಿರದ ಹತ್ತಿರ ಬಂದು ನಿಂತಿತು.

“ಕ್ಯಾಪ್ಟನ್, ನಿಮ್ಮ ತವರು ಸಿಕ್ಕಿತು” ಎಂದರು ಸಹ ಪೈಲಟ್.

ನನಗೆ ಖುಷಿಯಾಯಿತು, ಆದರೆ ಅದರ ಬೆನ್ನಿಗೇ ಚಿಂತೆಯೂ ಹತ್ತಿತು. ಜೆಟ್ ಎಂಜಿನ್ನಿಗೆ ಎತ್ತರದಲ್ಲೇ ಮಿತವ್ಯಯ, ಕೆಳಗೆ ಹಾರಿದರೆ ಅದು ಬಕಾಸುರ. ಜೊತೆಗೆ ಹಿಂಗಾರಿನ ದಿನಗಳು. ನಲವತ್ತು ಸಾವಿರದಲ್ಲಿ ಹಾರುವಾಗ ಎಷ್ಟೋ ಮೋಡಗಳು ಕಾಲ ಕೆಳಗೇ ಉಳಿದುಬಿಡುತ್ತವೆ. ಇಪ್ಪತ್ತೊಂದರಲ್ಲಿ ಹಾರಿದರೆ ಅವುಗಳ ಹೊಟ್ಟೆಯ ನೇರಕ್ಕೇ ಇರುತ್ತೇವೆ. ಸುತ್ತು ಹಾಕಬೇಕಾಗಬಹುದು, ಚೆನ್ನೈಯಲ್ಲಿ ಮಳೆ ಜೋರಾದರೆ ಬೇರೆ ಊರಿಗೂ ಹೋಗಬೇಕಾಗಬಹುದು. ಹಾಗಾಗಿ ಶಿವಮೊಗ್ಗದಲ್ಲಿ ಮೊದಲೇ ಹೇಳಿ ತರಿಸಿದ್ದ ಟ್ಯಾಂಕರಿನಿಂದ ಇಂಧನವನ್ನು ಪೂರ್ತಿ ತುಂಬಿಸಿ ಎಂದೆ. ಪುಟ್ಟ ಜೆಟ್ಟಿನ ಕಷ್ಟ ಏನೆಂದರೆ, ಟ್ಯಾಂಕು ತುಂಬಿ ಸೀಟುಗಳಲ್ಲಿ ಜನ ಕೂತರೆ ಮೇಲೇಳುವ ತೂಕದ ಮಿತಿ ಅಲ್ಲಿಗೇ ಮುಗಿಯುತ್ತದೆ.

ಆ ಹೊತ್ತಿಗೆ ಸರಿಯಾಗಿ ನಿಲ್ದಾಣದ ಬಾಗಿಲಿಗೆ ಕಂಪನಿಯ ಗೂಡ್ಸ್ ಗಾಡಿ ಬಂದು ನಿಂತಿತು.

ಸೊಸೆ ಚೆನ್ನೈಯಲ್ಲಿ ಆಸ್ಪತ್ರೆಯ ಹತ್ತಿರ ಮನೆ ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಸಂಸಾರ ಹೂಡಲು ಬೇಕಾದದ್ದೆಲ್ಲ ಗಾಡಿಯಲ್ಲಿತ್ತು. ಜೋಳದ ಹಿಟ್ಟಿನ ಚೀಲ, ಅಕ್ಕಿ ಚೀಲ, ಬೆಲ್ಲ, ಶೇಂಗಾ ಚಟ್ನಿಯ ಡಬ್ಬಿಗಳು, ಸೊರಬದಿಂದ ಬಂದ ಮಿಡಿ ಉಪ್ಪಿನಕಾಯಿಯ ಭರಣಿ, ರೊಟ್ಟಿ ಹಂಚು. ಆಕ್ಸಿಜನ್ ಯಂತ್ರ ಕೈಕೊಟ್ಟರೆ ಇರಲಿ ಎಂದು ಆಳೆತ್ತರದ ಒಂದು ಸಿಲಿಂಡರ್ ಬೇರೆ. ನಮ್ಮ ಕಡೆ ದೂರದೂರಿಗೆ ಹೊರಟವರ ಕೈ ಖಾಲಿ ಇರಬಾರದು. ಅದು ನನಗೆ ಗೊತ್ತಿಲ್ಲದ್ದಲ್ಲ, ನಮ್ಮಮ್ಮ ನನ್ನನ್ನು ಹಾಸ್ಟೆಲಿಗೆ ಕಳಿಸುವಾಗಲೂ ಹೀಗೇ ಬಸ್ಸಿನ ಟಾಪು ತುಂಬಿಸುತ್ತಿದ್ದಳು.

“ಚೆನ್ನೈನಾಗೆ ಅನ್ನ ಸಿಗ್ತತಿ, ರೊಟ್ಟಿ ಎಲ್ಲಿ ಸಿಗ್ತಾವ್ರೀ?” ಎಂದರು ಸೊಸೆ.

ನಾನು ಅವರನ್ನೂ ಸಾಹುಕಾರರನ್ನೂ ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದೆ. ಅವ್ವನಿಗಾಗಿ ಕೆಳಗೆ ಹಾರಬೇಕು. ಕೆಳಗೆ ಹಾರಿದರೆ ಇಂಧನ ಜಾಸ್ತಿ ಬೇಕು. ಇಂಧನ ಜಾಸ್ತಿ ಇದ್ದರೆ ಸಾಮಾನು ಕಡಿಮೆ ಇರಬೇಕು. ಒಂದು ಚೀಲ ಹಿಟ್ಟು ಹತ್ತಿಸಿದರೆ ಅಷ್ಟು ಇಂಧನ ಇಳಿಸಬೇಕು, ಅದರ ಜೊತೆ ಮೋಡ ಸುತ್ತಿ ಹೋಗುವ ಅವಕಾಶವೂ ಇಳಿಯುತ್ತದೆ. ಸಿಲಿಂಡರಂತೂ ವಿಮಾನ ಹತ್ತುವ ಹಾಗೇ ಇಲ್ಲ. ಅದರ ಬದಲಿಗೆ ಇನ್ನೊಂದು ಯಂತ್ರವನ್ನು ನಾನೇ ಬೆಂಗಳೂರಿನಿಂದ ತಂದಿದ್ದೇನೆ. ಸಾಹುಕಾರರು ಗಲ್ಲ ಉಜ್ಜಿಕೊಳ್ಳುತ್ತ ಯೋಚಿಸಿದರು. ಸೊಸೆಯ ಮುಖ ಗಂಟಾಯಿತು. ಕೊನೆಗೆ ಸಾಮಾನೆಲ್ಲ ಅದೇ ಗಾಡಿಯಲ್ಲಿ ಚೆನ್ನೈಗೆ ರಸ್ತೆ ಹಿಡಿಯಿತು. ಬಟ್ಟೆಬರೆಯ ಚೀಲ, ಔಷಧಿ, ಎರಡು ಯಂತ್ರಗಳು, ಅಷ್ಟೇ ಉಳಿದವು.

ಇನ್ನೇನು ಹೊರಡೋಣ ಅನ್ನುವಾಗ ಸೊರಬದಿಂದ ಅವ್ವನ ತಮ್ಮನ ಹೆಂಡತಿ ಬಂದರು. ಅವ್ವನ ಉಡಿ ತುಂಬಲು, ಅಂದರೆ ತವರಿನ ಪರವಾಗಿ ಮಡಿಲು ತುಂಬಿ ಕಳಿಸಲು ಬಂದಿದ್ದರು. ಪ್ರಯಾಣಿಕರಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ನಿಲ್ದಾಣದ ಮುಂದಿನ ಪೋರ್ಟಿಕೋದಲ್ಲೇ, ಗಾಲಿಕುರ್ಚಿಯಲ್ಲಿ ಕೂತಿದ್ದ ಅವ್ವನ ಮುಂದೆ ಬುಟ್ಟಿ ಬಿಚ್ಚಿದರು. ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಕಣ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು. ನನ್ನ ಕಣ್ಣು ಕೊಬ್ಬರಿಯ ಮೇಲೆ ಬಿತ್ತು. ಎಣ್ಣೆ ತುಂಬಿದ ಒಣಕೊಬ್ಬರಿ ಬೇಗ ಬಿಸಿಯೇರಿ ಬೆಂಕಿ ಹತ್ತುವ ಪದಾರ್ಥ, ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಇಂಥ ಹೊತ್ತಿನಲ್ಲಿ ಅಡ್ಡ ಬಾಯಿ ಹಾಕಲು ನನಗೂ ಮನಸ್ಸಿರಲಿಲ್ಲ, ಹಾಕಿದೆ.

“ಕೊಬ್ರಿ ಇಲ್ದೆ ಉಡಿ ತುಂಬದು ಹೆಂಗೆ ಮಾರಾಯ್ತಿ?” ಎಂದರು ಆಕೆ.

“ಹಸಿಕಾಯಿ ಆಗಲ್ವಾ ಅಮ್ಮಾ? ಅದಕ್ಕೆ ಅಡ್ಡಿಯಿಲ್ಲ.”

ಅವರು ಅವ್ವನ ಮುಖ ನೋಡಿದರು. ಅವ್ವ ಆಗಲಿ ಎಂದು ತಲೆಯಾಡಿಸಿದರು. ಡ್ರೈವರ್ ಹೋಗಿ ಹಸಿ ತೆಂಗಿನಕಾಯಿ ತಂದ. ಸೆರಗೊಡ್ಡಿ ಕೂತ ಅವ್ವನ ಮಡಿಲಿಗೆ ತಮ್ಮನ ಹೆಂಡತಿ ಐದು ಸಲ ಅಕ್ಕಿ ಹಾಕಿದರು. ಉಡಿ ತುಂಬಿಸಿಕೊಂಡ ಮನೆಮಗಳು ಅದರಲ್ಲೇ ಒಂದು ಹಿಡಿ ತೆಗೆದು ತುಂಬಿದವರಿಗೆ ತಿರುಗಿ ಕೊಡಬೇಕು. ತವರಿನ ಕಣಜ ಬರಿದಾಗದಿರಲಿ ಎಂಬ ಹಾರೈಕೆ ಅದು. ತಮ್ಮನ ಹೆಂಡತಿ ಕೈಯೊಡ್ಡಿದರು.

ಅವ್ವ ಸೆರಗು ಸುತ್ತಿ ಗಂಟು ಹಾಕಿಬಿಟ್ಟರು. “ಈಗ ಕೊಡಲ್ಲ. ವಾಪಸ್ ಬಂದು ಕೊಡ್ತೀನಿ.”

“ಹಾಗೆಲ್ಲ ಮಾಡ್ಬಾರ್ದು ಅಕ್ಕಾ.”

“ಒಂದ್ ಹಿಡಿ ಬಾಕಿ ಇದ್ರೆ ಬರಾಕೆ ನನಗೂ ಒಂದು ನೆಪ ಇರ್ತತಿ. ನೀನು ಇದೇ ಜಾಗದಾಗೆ ನಿಂತಿರು.”

ತಮ್ಮನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡರು. ಸಾಹುಕಾರರು ಕರೆ ಬಾರದಿದ್ದರೂ ಫೋನನ್ನು ಕಿವಿಗಿಟ್ಟುಕೊಂಡು ದೂರ ಹೋದರು. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ತೂಕ, ಇಂಧನ, ಮೋಡ. ಈ ಹೆಂಗಸು ತಿರುಗಿ ಬಾರದಿರಬಹುದು ಎಂಬುದನ್ನು ಅವರ ಮನೆಯವರೆಲ್ಲ ಅಷ್ಟು ದಿನದಿಂದ ಹೊತ್ತುಕೊಂಡು ತಿರುಗುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

ಉಡಿಯನ್ನು ಮನೆ ಮುಟ್ಟುವವರೆಗೆ ಮಡಿಲಿನಿಂದ ಇಳಿಸಬಾರದು ಎಂದು ಅವ್ವನ ಹಟ. ಭದ್ರತಾ ತಪಾಸಣೆಯಲ್ಲಿ ಬೆಲ್ಟಿನ ಮೇಲೆ ಇಡಿ ಎಂದಾಗ ಒಪ್ಪಲಿಲ್ಲ. ಅಲ್ಲಿದ್ದ ಮಹಿಳಾ ಸಿಬ್ಬಂದಿ ಕನ್ನಡ ಬಾರದ ಹುಡುಗಿ. ನಾನು ಹಿಂದಿಯಲ್ಲಿ ವಿವರಿಸಿದೆ. ಆಕೆ ಮಂಡಿಯೂರಿ ಕೂತು, ಗಂಟು ಬಿಚ್ಚಿಸಿ, ಅಕ್ಕಿಯೊಳಗೆ ಕೈಯಾಡಿಸಿ ನೋಡಿ, ತಾನೇ ಸೆರಗು ಸರಿಮಾಡಿ ಕಳಿಸಿದಳು. ವಿಮಾನದಲ್ಲಿ ಸೀಟ್ ಬೆಲ್ಟನ್ನು ಉಡಿಯ ಅಡಿಯಿಂದ ತಂದು ನಾನೇ ಬಿಗಿದೆ.

ಏರುವಾಗ ಎಲ್ಲವೂ ಸಲೀಸಾಗಿತ್ತು. ಇಪ್ಪತ್ತೊಂದು ಸಾವಿರದಲ್ಲಿ ನಿಂತೆವು. ಅಂಕಿ ಎರಡು ಸಾವಿರದಲ್ಲಿತ್ತು. ನರ್ಸ್ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು. ತುಮಕೂರು ದಾಟಿ ಕೋಲಾರದ ಹತ್ತಿರ ಬರುವಾಗ ಮುಂದಿನ ಆಕಾಶ ಕಪ್ಪಾಗಿತ್ತು. ನಮ್ಮ ರಾಡಾರಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಕೆಂಪು, ಹಳದಿ ಬಣ್ಣದಲ್ಲಿ ಮಳೆಮೋಡದ ಗೋಡೆ. ಅಂಚಿಗೆ ಬರುವಾಗಲೇ ವಿಮಾನ ಕುಲುಕತೊಡಗಿತು. ಕಂಟ್ರೋಲಿನವರು ತಾವಾಗಿಯೇ ಕೇಳಿದರು, ಮೂವತ್ತೇಳು ಸಾವಿರಕ್ಕೆ ಏರುತ್ತೀರಾ, ಮೇಲೆ ಹೋದವರೆಲ್ಲ ಆರಾಮಾಗಿ ದಾಟುತ್ತಿದ್ದಾರೆ.

ಬೇರೆ ಯಾವ ದಿನವಾದರೂ ಎರಡನೇ ಮಾತಿಲ್ಲದೆ ಏರುತ್ತಿದ್ದೆ. ಸಾಹುಕಾರರು ಸೀಟುಗಳನ್ನು ಹಿಡಿದುಕೊಂಡು ಕಾಕ್‌ಪಿಟ್ಟಿನ ಬಾಗಿಲಿಗೆ ಬಂದರು. ಅವರಿಗೂ ಮುಂದಿನ ಕಪ್ಪು ಕಂಡಿತು.

“ಮೇಡಂ, ಮ್ಯಾಲೆ ಹೋಗ್ಬಿಡ್ರೀ. ಅವ್ವ ಹೆದರಿ ಕೈ ಬಿಗಿ ಹಿಡ್ಕಂಡಾಳೆ. ಹತ್ತು ನಿಮಿಷದ ಮಾತಲ್ವ?”

ಸಂಬಳ ಕೊಡುವವರು. ಅದಕ್ಕಿಂತ ಹೆಚ್ಚಾಗಿ, ತಾಯಿಯ ಕಷ್ಟ ನೋಡಲಾಗದ ಮಗ. ಬಯ್ಯಲೂ ಆಗದು, ಒಪ್ಪಲೂ ಆಗದು. ಮೂವತ್ತೇಳಕ್ಕೆ ಹೋದರೆ ಕ್ಯಾಬಿನ್ ಆರು ಸಾವಿರ ಅಡಿ ದಾಟುತ್ತದೆ ಎಂದು ನನಗೆ ಗೊತ್ತಿತ್ತು.

“ಸರ್, ಕುಲುಕಾಟದಿಂದ ಅವ್ವನಿಗೆ ಭಯ ಆಗ್ತದೆ, ಅಷ್ಟೇ. ಮೇಲೆ ಹೋದ್ರೆ ಅವ್ವನ್ನ ಎತ್ತಿಕೊಂಡು ಹೋಗಿ ಮುಳ್ಳಯ್ಯನಗಿರಿ ತುದಿಲಿ ಕೂರಿಸಿದ ಹಾಗೆ. ನಾನು ಹೋಗಲ್ಲ.”

“ಹಂಗಾರೆ ಏನ್ ಮಾಡ್ತೀರಿ?”

“ಸುತ್ತಿ ಹೋಗ್ತೀನಿ. ನಿಮ್ಮ ಜೋಳದ ಹಿಟ್ಟು ಬಿಟ್ಟು ಬಂದದ್ದು ಇದಕ್ಕೇ.”

ಕಂಟ್ರೋಲಿಗೆ ಏರುವುದಿಲ್ಲ, ಒಳಗೆ ರೋಗಿಯಿದ್ದಾರೆ, ಬಲಕ್ಕೆ ತಿರುಗಲು ಅನುಮತಿ ಕೊಡಿ ಎಂದೆ. ಮೂಗನ್ನು ದಕ್ಷಿಣಕ್ಕೆ ತಿರುಗಿಸಿ ಗೋಡೆಯ ಪಕ್ಕದಲ್ಲೇ ಸೇಲಂ ಕಡೆಗೆ ಹೊರಟೆವು. ಶಿವಮೊಗ್ಗಕ್ಕೆ ವಾಪಸು ಹೋಗಿ ಇಳಿಯುವಷ್ಟು ಇಂಧನ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಮಾತ್ರ ಪ್ರಯತ್ನ, ಅಷ್ಟರೊಳಗೆ ದಾರಿ ಕಾಣದಿದ್ದರೆ ವಾಪಸು, ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಸಹ ಪೈಲಟ್ ಲೆಕ್ಕ ಹಾಕುತ್ತ ಹೋದರು, ನಾನು ರಾಡಾರಿನಲ್ಲಿ ಸಂದು ಹುಡುಕುತ್ತ ಹೋದೆ. ನರ್ಸ್ ಆಗಾಗ ಅವ್ವನ ಬೆರಳಿನ ಅಂಕಿಯನ್ನು ಕೂಗಿ ಹೇಳುತ್ತಿದ್ದಳು. ಒಮ್ಮೆ ಅದು ಎರಡು ಇಳಿಯಿತು. 

ಆಗ ನಾನು ಸ್ಪೀಕರಿನಲ್ಲಿ ಮಾತಾಡಿದೆ. “ಅವ್ವಾ, ಈಗ ನೀವು ತಮ್ಮನ ಮನೆ ಜಗಲಿ ಮೇಲೇ ಇದೀರಿ. ಒಂದಿಂಚೂ ಮೇಲೆ ಹೋಗಿಲ್ಲ. ಅಲ್ಲಿ ಎತ್ತಿನಗಾಡಿ ಹೋದ್ರೂ ಜಗಲಿ ಅಲುಗಾಡ್ತದಲ್ಲ, ಹಾಗೆ ಅನ್ಕೊಳಿ.”

ಹಿಂದಿನಿಂದ ಸಣ್ಣ ನಗು ಕೇಳಿಸಿತು. ಆಮೇಲೆ ನರ್ಸ್ ಹೇಳಿದಳು, ಅವ್ವ ಕಣ್ಣು ಮುಚ್ಚಿ, ಉಡಿಯ ಮೇಲೆ ಎರಡೂ ಕೈಯಿಟ್ಟು, ನಿಧಾನವಾಗಿ ಉಸಿರೆಳೆಯತೊಡಗಿದರಂತೆ. ಇಳಿದ ಅಂಕಿ ಮತ್ತೆ ಏರಿತು. ಸೇಲಂ ದಾಟಿದ ಮೇಲೆ ಗೋಡೆಯಲ್ಲಿ ಒಂದು ಸಂದು ಸಿಕ್ಕಿತು. ಅದರಲ್ಲಿ ನುಸುಳಿ, ಕಡಲ ಕಡೆಯಿಂದ ಬಂದು, ಸಣ್ಣ ಮಳೆಯಲ್ಲಿ ಚೆನ್ನೈಯಲ್ಲಿ ಇಳಿದೆವು. ಟ್ಯಾಂಕಿನಲ್ಲಿ ಇರಬೇಕಾದ ಮೀಸಲು ಇಂಧನ ಇತ್ತು, ಅದರ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ. ಆಂಬ್ಯುಲೆನ್ಸ್ ಹತ್ತಿಸುವಾಗಲೂ ಅವ್ವ ಉಡಿ ಬಿಟ್ಟಿರಲಿಲ್ಲ.

ದೀಪಾವಳಿ ಕಳೆಯಿತು, ಚಳಿ ಬಂತು. ಈ ನಡುವೆ ಸಾಹುಕಾರರನ್ನು ಬೇರೆ ಬೇರೆ ಊರಿಗೆ ಕರೆದೊಯ್ಯುತ್ತಿದ್ದೆ. ಪ್ರತಿ ಸಲವೂ ಅವ್ವ ಹೇಗಿದ್ದಾರೆ ಎಂದು ಕೇಳಲು ಅಂಜಿಕೆ, ಕೇಳದಿರಲೂ ಆಗುತ್ತಿರಲಿಲ್ಲ. ಮಧ್ಯೆ ಒಂದು ವಾರ ಅವರು ಉತ್ತರ ಕೊಡದೆ ಕಿಟಕಿ ನೋಡುತ್ತಿದ್ದರು. ಆ ವಾರ ನಾನೂ ಸರಿಯಾಗಿ ಊಟ ಮಾಡಲಿಲ್ಲ. ಉಡಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ, ಆಸ್ಪತ್ರೆಯವರು ತೆಗೆಯಲು ಹೋದರೆ ಬಯ್ಯುತ್ತಾಳೆ ಎಂದು ಮುಂದಿನ ವಾರ ಅವರೇ ಹೇಳಿದರು. ಬಯ್ಯುವಷ್ಟು ಉಸಿರು ಬಂದಿದೆ ಎಂದು ತಿಳಿದು ನನಗೆ ಜೀವ ಬಂದಂತಾಯಿತು.

ಅದು ಪೂರ್ತಿ ಗುಣವಾಗುವ ಕಾಯಿಲೆಯಲ್ಲ. ಆದರೆ ಇನ್ನಷ್ಟು ಕೆಡದಂತೆ ತಡೆದು, ಊರಿಗೆ ಕರೆದುಕೊಂಡು ಹೋಗಿ ಎಂದರು ಅಲ್ಲಿನ ವೈದ್ಯರು. ತಿರುಗಿ ತರುವಾಗಲೂ ಅದೇ ಇಪ್ಪತ್ತೊಂದು ಸಾವಿರ, ಅದೇ ಎರಡು ಸಾವಿರ. ಆಕಾಶ ತೊಳೆದಿಟ್ಟಂತಿತ್ತು. ಸಾಹುಕಾರರೇ ಬಂದು, ಒಂದು ಸುತ್ತು ಅವ್ವನ ತವರಿನ ಕಡೆ ಹೋಗಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಅನುಮತಿ ಸಿಕ್ಕಿತು. ಅಂಬ್ಲಿಗೊಳ ಜಲಾಶಯದ ನೀರು ದಾಟಿ ವಾಯುವ್ಯಕ್ಕೆ ಹೋಗಿ, ಚಂದ್ರಗುತ್ತಿ ಗುಡ್ಡ ಎಡಗಿಟಕಿಗೆ ಬರುವಂತೆ ರೆಕ್ಕೆ ಬಾಗಿಸಿದೆ. ಅವ್ವ ಗಾಜಿಗೆ ಹಣೆ ತಾಗಿಸಿ ಕೂತಿದ್ದರಂತೆ.

ಶಿವಮೊಗ್ಗದ ಪೋರ್ಟಿಕೋದಲ್ಲಿ ತಮ್ಮನ ಹೆಂಡತಿ ನಿಂತಿದ್ದರು, ಅದೇ ಜಾಗದಲ್ಲಿ. ಅವ್ವ ಗಾಲಿಕುರ್ಚಿ ನಿಲ್ಲಿಸಿ ಎಂದು, ಕೈಯೂರಿ ತಾವೇ ಎದ್ದು ನಿಂತರು. ಬಿಳಿ ಬಟ್ಟೆ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದರು.

“ಒಡ್ಡು.”

ತಮ್ಮನ ಹೆಂಡತಿ ಸೆರಗೊಡ್ಡಿದರು. ಅವ್ವ ಅರ್ಧ ಹಾಕಿ ಕೈ ಬಿಗಿಹಿಡಿದರು. ಸಾಮಾನಿನ ಚೀಲ ಹಿಡಿದು ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದರು.

“ನೀನೂ ಒಡ್ಡು ತಂಗಿ.”

“ನನಗ್ಯಾಕವ್ವಾ? ಇದು ತವರಿನವರಿಗೆ ಸೇರಬೇಕಾದ್ದು.”

“ಹೋಗ್ತಾ ಬರ್ತಾ ನನ್ನ ತವರಾಗೇ ಕುಂದ್ರಿಸಿದ್ಯಲ್ಲ. ಒಡ್ಡು.”

ಪ್ಯಾಂಟು ಶರ್ಟು ಹಾಕಿಕೊಂಡವಳಿಗೆ ಸೆರಗೆಲ್ಲಿಂದ ಬರಬೇಕು. ರನ್‌ವೇ ಬದಿ ಓಡಾಡುವಾಗ ಹಾಕಿಕೊಳ್ಳುವ ಹೊಳೆಯುವ ಹಸಿರು ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. ಕಣ್ಣು ತುಂಬಿ ಅಕ್ಕಿ ಬಿದ್ದದ್ದು ಸರಿಯಾಗಿ ಕಾಣಲಿಲ್ಲ.

ಅವರನ್ನು ಕಾರು ಹತ್ತಿಸಿ, ಖಾಲಿ ವಿಮಾನವನ್ನು ಬೆಂಗಳೂರಿಗೆ ಒಯ್ಯಲು ಕೂತೆವು. ಸಹ ಪೈಲಟ್ ತೂಕದ ಲೆಕ್ಕ ಮಾಡುತ್ತ, “ಸಾಮಾನು ಏನೂ ಇಲ್ಲ ತಾನೇ, ಕ್ಯಾಪ್ಟನ್?” ಎಂದು ಕೇಳಿದರು. ಅರ್ಧ ಹಿಡಿ ಅಕ್ಕಿ ಎಂದೆ. ಅವರು ನಗಲಿಲ್ಲ. ಅದನ್ನು ಕರವಸ್ತ್ರದಲ್ಲಿ ಕಟ್ಟಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮನೆ ಮುಟ್ಟುವವರೆಗೆ ಎಲ್ಲೂ ಕೆಳಗಿಡಲಿಲ್ಲ.